ಐಲಿ ನಿಸ್ಕನೆನ್ ಮುಟ್ಟಿ ನೋಡಿದ ಬಾಣಗಳು

‘ಅದೇನು ಬಿಡಿ, ದೊಡ್ಡವರ ಮಕ್ಕಳಾಟ’ ಎನ್ನುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಹೌದು ಸ್ವಾಮಿ, ಆಟವೇ. ತಗಡು ಬಡಿದು ಕವಚ ಮಾಡಿಕೊಂಡು, ಆರುನೂರು ವರ್ಷದ ಹಿಂದಿನವರ ಹಾಗೆ ಉದ್ದನೆಯ ಅಂಗಿ ತೊಟ್ಟು, ಆಲೂಗಡ್ಡೆ ಬೆಳೆಯುವ ಒಬ್ಬ ಪುಣ್ಯಾತ್ಮನ ಹುಲ್ಲುಗಾವಲಿನಲ್ಲಿ ನಾವು ನೂರೈವತ್ತು ಜನ ಪ್ರತಿ ಆಗಸ್ಟಿನಲ್ಲಿ ಯುದ್ಧ ಮಾಡುತ್ತೇವೆ. ಆದರೆ ಬಿಲ್ಲು ಬಿಲ್ಲೇ. ಬಾಣದ ತುದಿಗೆ ದಪ್ಪನೆಯ ರಬ್ಬರ್ ಗುಬುಟು ಕೂರಿಸಿರುತ್ತೇವೆ, ನಿಜ. ಅದರ ಹಿಂದಿನ ಕಡ್ಡಿ ಮಾತ್ರ ಫೈಬರ್‌ಗ್ಲಾಸಿನದು. ಅದು ಒಳಗೊಳಗೇ ಸೀಳಿದ್ದರೆ, ಹೆಲ್ಮೆಟ್ಟಿಗೆ ಬಡಿದಾಗ ಸೂಜಿಯಂಥ ಸಿಬರುಗಳು ಹಾರುತ್ತವೆ. ಮುಖದ ಮುಂದಿನ ಜಾಲರಿ ಬಾಣವನ್ನು ತಡೆಯುತ್ತದೆ, ಸಿಬರನ್ನು ತಡೆಯುವುದಿಲ್ಲ. ಜಾಲರಿಯ ಹಿಂದೆ ಇರುವುದು ಕಣ್ಣು.

ಆ ಕಣ್ಣುಗಳನ್ನು ಹತ್ತೊಂಬತ್ತು ವರ್ಷ ಕಾದವಳು ಐಲಿ ನಿಸ್ಕನೆನ್. ನಮ್ಮ ಆಟದಲ್ಲಿ ವರ್ಷಕ್ಕೊಬ್ಬ ರಾಜ; ಯಾವ ರಾಜನೂ ಅವಳಿಗೊಂದು ಬಿರುದು ಕೊಡಲಿಲ್ಲ. ಬಿರುದೆಲ್ಲ ಗುರಾಣಿ ಹಿಡಿದು ಕೂಗಾಡುವವರಿಗೆ ಹೋಯಿತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಅಮೆರಿಕದ ಸುಪೀರಿಯರ್ ಸರೋವರದ ದಂಡೆಯ ಒಂದು ಶಾಲೆಯಲ್ಲಿ ಐಲಿ ಮೂವತ್ತೆರಡು ವರ್ಷ ಅಡುಗೆ ಮಾಡಿದವಳು. ಶುಕ್ರವಾರ ಮೀನಿನೂಟ. ಇನ್ನೂರು ಮೀನಿನ ತುಂಡುಗಳನ್ನು ಒಂದೊಂದಾಗಿ ಅಂಗೈ ಮೇಲಿಟ್ಟುಕೊಂಡು, ಬೆರಳ ತುದಿಯಿಂದ ತಡವಿ ಮುಳ್ಳು ತೆಗೆಯುತ್ತಿದ್ದಳು. ಒಂದು ಮಗುವಿನ ಗಂಟಲಿಗೂ ಮುಳ್ಳು ಸಿಕ್ಕಲಿಲ್ಲ. ಅದೇ ಬೆರಳನ್ನು ನಮ್ಮ ಬಾಣಗಳಿಗೆ ತಂದಳು. ಹೆಗಲಿಗೆ ಹಳದಿ ಪಟ್ಟಿ ಹಾಕಿಕೊಂಡು, ಮಡಚುವ ಮೇಜಿನ ಹಿಂದೆ ಕೂತು, ಬಾಣವನ್ನು ಮೊಣಕಾಲಿಗೆ ಆನಿಸಿ ನಾಲ್ಕೂ ಕಡೆ ಬಗ್ಗಿಸುವಳು. ರಬ್ಬರನ್ನು ತಿರುಚಿ ಎಳೆಯುವಳು. ಹಿಂದಿನ ತುದಿಯ ಮುಚ್ಚಳ ಭದ್ರವೇ ನೋಡುವಳು. ಕೊನೆಗೆ ಕಣ್ಣು ಮುಚ್ಚಿಕೊಂಡು ಹೆಬ್ಬೆರಳಿನಿಂದ ಕಡ್ಡಿಯನ್ನು ಉದ್ದಕ್ಕೂ ಸವರುವಳು. ಪಾಸಾದರೆ ಹಳದಿ ಟೇಪು. ಇಲ್ಲವಾದರೆ ಬೈಗುಳ.

‘ಇದನ್ನ ಬಾಣ ಅಂತ ಯಾರಪ್ಪ ಹೇಳಿದ್ದು ನಿಂಗೆ? ಟೊಮ್ಯಾಟೊ ಗಿಡಕ್ಕೆ ಆಸರೆ ಕೊಡು ಹೋಗು.’

ನಮ್ಮ ನಿಯಮ ಹೀಗಿದೆ: ಬಾಣದ ಒಡೆಯ ಮೊದಲು ತಾನೇ ಪರೀಕ್ಷಿಸಬೇಕು, ಆಮೇಲೆ ಐಲಿ. ಕಾಳಗ ಮುಗಿದು ಹುಲ್ಲಿನಿಂದ ಹೆಕ್ಕಿದ ಬಾಣವನ್ನು ಮತ್ತೆ ಅದೇ ರೀತಿ ನೋಡದೆ ಯಾರೂ ಬಿಲ್ಲಿಗೆ ಹೂಡುವಂತಿಲ್ಲ. ನಿಯಮ ಚೆನ್ನಾಗಿದೆ. ಪಾಲಿಸಿದವರು ಯಾರು? ಐಲಿ ಇದ್ದಾಳಲ್ಲ ಎಂದು ನಾವೆಲ್ಲ ಕಂತೆಯನ್ನು ಹಾಗೇ ತಂದು ಅವಳ ಮೇಜಿನ ಮೇಲೆ ಸುರಿದು ಕಾಫಿಗೆ ಹೋಗುತ್ತಿದ್ದೆವು. ನಾನೂ ಅಷ್ಟೇ.

ಹೋದ ಆಗಸ್ಟಿನ ಶನಿವಾರ, ಬೆಳಗಿನ ಕಾಳಗ ಮುಗಿದಿತ್ತು. ಹೆಕ್ಕಿ ತಂದ ಮುನ್ನೂರ ಹನ್ನೆರಡು ಬಾಣಗಳನ್ನು ಮಧ್ಯಾಹ್ನದ ಕೋಟೆ ಕಾಳಗಕ್ಕೆಂದು ಐಲಿ ಮತ್ತೆ ನೋಡಿ ಮುಗಿಸಿದ್ದಳು. ನಾವಿಬ್ಬರೂ ಮೇಪಲ್ ಮರದ ಕೆಳಗೆ ಕೂತು ಮಾಂಸ, ಆಲೂಗಡ್ಡೆ ತುಂಬಿದ ಪೇಸ್ಟಿ ತಿನ್ನುತ್ತಿದ್ದೆವು. ಅವಳ ಪೇಸ್ಟಿಯ ಮೇಲೆ ಕೆಂಪು ಕಲೆ ಕಂಡಿತು.

‘ಇಷ್ಟೊಂದು ಕೆಚಪ್ ಹಾಕ್ಕೊಂಡಿದೀಯಲ್ಲ ಐಲಿ!’ ಎಂದೆ.

‘ನಾನೆಲ್ಲಿ ಕೆಚಪ್ ಹಾಕ್ಕೊಂಡೆ?’

ಅವಳು ಕೈ ತಿರುಗಿಸಿ ನೋಡಿದಳು. ಬಲ ಹೆಬ್ಬೆರಳಿನಲ್ಲಿ ಫೈಬರ್‌ಗ್ಲಾಸಿನ ಸಿಬರು, ಅರ್ಧ ಇಂಚು ಒಳಗೆ ಹೋಗಿತ್ತು. ರಕ್ತ ಮಣಿಕಟ್ಟಿನ ತನಕ ಇಳಿದಿತ್ತು. ನಾನು ಚಿಮಟ ತಂದು ಎಳೆದೆ. ಅವಳು ಮಿಸುಕಲಿಲ್ಲ. ಬೇರೆಯವರ ಕೈ ನೋಡುವ ಹಾಗೆ ತನ್ನ ಕೈಯನ್ನೇ ನೋಡುತ್ತ ಕೂತಳು.

‘ನೋವಾಗ್ಲಿಲ್ವಾ?’

‘ಚಳಿಗಾಲದಿಂದ ಹೀಗೇ, ಲೈಲ್. ಸಕ್ಕರೆ ಕಾಯಿಲೆ. ಕೈಗೆ ಗ್ಲೌಸು ಹಾಕ್ಕೊಂಡ ಹಾಗೆ ಇರುತ್ತೆ. ಕಿವಿ ಚೆನ್ನಾಗಿದೆ, ಬಗ್ಗಿಸಿದ್ರೆ ಸದ್ದು ಕೇಳುತ್ತೆ, ಅಷ್ಟು ಸಾಕು ಅಂದ್ಕೊಂಡಿದ್ದೆ.’ ಸಿಬರನ್ನು ಬೆಳಕಿಗೆ ಹಿಡಿದಳು. ‘ಇದು ಬಂದ ಬಾಣಕ್ಕೆ ನಾನು ಹಳದಿ ಟೇಪು ಸುತ್ತಿದೀನಿ. ಯಾವುದು ಅಂತ ಗೊತ್ತಿಲ್ಲ.’

ನಾನು ಏನು ಹೇಳಿದೆ ಗೊತ್ತೇ? ನಾಚಿಕೆಯಿಂದಲೇ ಬರೆಯುತ್ತೇನೆ.

‘ಯಾರಿಗೂ ಹೇಳ್ಬೇಡ. ಇನ್ನು ಇಪ್ಪತ್ತು ನಿಮಿಷ ಇದೆ, ನಾನೇ ಒಂದು ಸುತ್ತು ನೋಡ್ಬಿಡ್ತೀನಿ.’

‘ಮುನ್ನೂರು ಬಾಣ, ಇಪ್ಪತ್ತು ನಿಮಿಷ? ನಿನ್ನ ಶೂ ಲೇಸ್ ಕಟ್ಕೊಳ್ಳೋಕೇ ಹತ್ತು ನಿಮಿಷ ಬೇಕು.’

ಹೇಳಿದರೆ ಆ ಮೇಜು ಹೋಗುತ್ತದೆಂದು ಅವಳಿಗೆ ಗೊತ್ತಿತ್ತು. ಗಂಡ ತೀರಿಕೊಂಡ ಮೇಲೆ, ಕೆಲಸದಿಂದ ನಿವೃತ್ತಿಯಾದ ಮೇಲೆ, ಜನ ಅವಳನ್ನು ಹುಡುಕಿಕೊಂಡು ಬರುತ್ತಿದ್ದ ಜಾಗ ಅದೊಂದೇ. ಹೇಳದಿದ್ದರೆ ಯಾರದೋ ಕಣ್ಣು ಹೋಗಬಹುದು. ಪೇಸ್ಟಿಯನ್ನು ಕಾಗದದಲ್ಲಿ ಸುತ್ತಿಟ್ಟು ಎದ್ದಳು. ಎರಡು ಪಡೆಗಳೂ ಆಗಲೇ ಸಾಲುಗಟ್ಟುತ್ತಿದ್ದ ಮೈದಾನದ ನಡುವೆ ಹೋಗಿ ನಿಂತು, ಶಾಲೆಯ ಊಟದ ಕೋಣೆಯಲ್ಲಿ ಕೂಗುತ್ತಿದ್ದ ಗಂಟಲಿನಿಂದ ಕೂಗಿದಳು:

‘ಹೋಲ್ಡ್!’

ನಮ್ಮಲ್ಲಿ ಆ ಮಾತು ಕೇಳಿದರೆ ಯಾರೇ ಆಗಲಿ, ಇದ್ದಲ್ಲೇ ಮಂಡಿಯೂರಬೇಕು. ನೂರೈವತ್ತು ಜನ ಕಬ್ಬಿಣದ ಸದ್ದು ಮಾಡುತ್ತ ಮಂಡಿಯೂರಿದರು. ಆ ವರ್ಷದ ರಾಜ ಡ್ವೇನ್ ಟ್ರೆವಾರೋ ಕೂಡ. ಊರಲ್ಲಿ ಅವನು ಮನೆಗಳ ಹೀಟರ್ ರಿಪೇರಿ ಮಾಡುತ್ತಾನೆ.

‘ನನ್ನ ಬೆರಳಿಗೆ ಸ್ಪರ್ಶ ಇಲ್ಲ,’ ಎಂದಳು ಐಲಿ. ‘ಈ ಬಾಣಗಳಲ್ಲಿ ಒಂದಾದ್ರೂ ಸೀಳಿದೆ. ನಾನು ಪಾಸು ಮಾಡಿದ್ದು ಯಾವುದೂ ಪಾಸಲ್ಲ. ಬಿಲ್ಲು ಕೆಳಗಿಡಿ.’

ಗುಜುಗುಜು ಶುರುವಾಯಿತು. ಡ್ವೇನ್ ಕಿರೀಟ ಸರಿಮಾಡಿಕೊಳ್ಳುತ್ತ ಹತ್ತಿರ ಬಂದ.

‘ಐಲಿ, ನಮ್ಮ ಕಡೆ ಗುರಾಣಿಯವರು ಕಡಿಮೆ. ಬಿಲ್ಲುಗಾರರಿಲ್ಲದೆ ಕೋಟೆ ಹಿಡಿಯೋಕಾಗಲ್ಲ. ಎಲ್ಲರೂ ಸಹಿ ಹಾಕಿದ್ದಾರಲ್ಲ, ಅಪಾಯ ಇದೆ ಅಂತ ಗೊತ್ತಿದ್ದೇ ಬಂದಿದ್ದಾರೆ.’

‘ಅವರು ಸಹಿ ಹಾಕಿದ್ದು ಐಲಿ ನೋಡಿದ ಬಾಣಕ್ಕೆ, ಮಹಾಪ್ರಭು. ಐಲಿ ನೋಡಿಲ್ಲ.’

ಮಿನೆಸೋಟಾದಿಂದ ಬಂದಿದ್ದ ಕಾರ್ಲಿಸ್ ಎಂಬ ಬಿಲ್ಲುಗಾರ್ತಿ ಸಿಟ್ಟಿನಿಂದ ಎದ್ದಳು. ‘ಏಳು ಗಂಟೆ ಕಾರು ಓಡಿಸ್ಕೊಂಡು ಬಂದಿದೀನಿ. ಬೆಳಗ್ಗೇನೇ ಹೇಳೋಕಾಗ್ತಿರ್ಲಿಲ್ವಾ ನಿಂಗೆ?’

‘ಹೇಳ್ಬೇಕಿತ್ತು. ಹೇಳಿದ್ರೆ ಈ ಪಟ್ಟಿ ಬಿಚ್ಚಿಸ್ತೀರಿ ಅಂತ ಸುಮ್ಮನಿದ್ದೆ. ತಪ್ಪು ನಂದೇ.’ ಐಲಿ ಹಳದಿ ಪಟ್ಟಿಯನ್ನು ತಾನೇ ಬಿಚ್ಚಿ ಡ್ವೇನ್ ಕೈಗಿಟ್ಟಳು. ‘ಈಗ ಬೈದು ಮುಗೀತಾ? ಹತ್ತಿ ಯಾರ ಹತ್ರ ಇದೆ? ಹತ್ತಿ ಉಂಡೆ ಮಾಡಿ ಕಡ್ಡಿ ಮೇಲೆ ಎಳೀರಿ. ಸೀಳಿದ್ರೆ ಎಳೆ ಹಿಡ್ಕೊಳ್ಳುತ್ತೆ. ಬಗ್ಗಿಸೋದನ್ನ ನಾನು ಹೇಳ್ಕೊಡ್ತೀನಿ.’

ಪ್ರಥಮ ಚಿಕಿತ್ಸೆಯ ಡೇರೆಯಿಂದ ಹತ್ತಿ ಬಂತು. ಎಲ್ಲರೂ ಹುಲ್ಲಿನ ಮೇಲೆ ಕೂತೆವು. ನಮ್ಮಲ್ಲಿ ಅರ್ಧಕ್ಕರ್ಧ ಜನಕ್ಕೆ ತಮ್ಮ ಬಾಣವನ್ನು ಹೇಗೆ ಪರೀಕ್ಷಿಸಬೇಕೆಂದೇ ಗೊತ್ತಿರಲಿಲ್ಲ! ಹತ್ತು ವರ್ಷದಿಂದ ಬಿಲ್ಲು ಹಿಡಿದವರು, ಮೊಣಕಾಲಿಗೆ ಆನಿಸುವುದು ಎಲ್ಲಿ ಎಂದು ಕೇಳುತ್ತಿದ್ದರು. ಐಲಿ ಸಾಲಿನಿಂದ ಸಾಲಿಗೆ ಓಡಾಡಿ ಬೈದಳು. ‘ಅದನ್ನ ಮುದ್ದು ಮಾಡ್ಬೇಡ, ಬಗ್ಸು!’

ಒಂದು ಬಾಣದ ಟೇಪಿನಂಚಿನಲ್ಲಿ ಹತ್ತಿಯ ಎಳೆ ನಿಂತಿತು. ಆ ಬಾಣ ನನ್ನದು. ಕಡ್ಡಿಯ ಮೇಲೆ ನನ್ನದೇ ಅಕ್ಷರದಲ್ಲಿ ನನ್ನ ಹೆಸರು. ಬೆಳಿಗ್ಗೆ ಅದನ್ನು ಹುಲ್ಲಿನಿಂದ ಎತ್ತಿದಾಗ ಕರಕ್ ಎಂದದ್ದು ನನಗೆ ಕೇಳಿಸಿತ್ತು. ಐಲಿ ನೋಡುತ್ತಾಳೆ ಬಿಡು ಎಂದುಕೊಂಡು ಕಂತೆಗೆ ಸೇರಿಸಿದ್ದೆ.

ನಾನು ಎದ್ದು ನಿಂತು ಅದನ್ನು ಎಲ್ಲರಿಗೂ ಕೇಳುವಂತೆ ಹೇಳಿದೆ. ಯಾರೂ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಕಾರ್ಲಿಸ್ ತನ್ನ ಕಂತೆಯತ್ತ ನೋಡುತ್ತ, ‘ನಾನೂ ಒಂದು ದಿನಾನೂ ನೋಡಿಲ್ಲ ಐಲಿ,’ ಎಂದಳು. ಹತ್ತೊಂಬತ್ತು ವರ್ಷ ನೂರಾರು ಜನ ತಮ್ಮ ಹೊಣೆಯನ್ನು ಒಬ್ಬ ಹೆಂಗಸಿನ ಹೆಬ್ಬೆರಳಿನ ಮೇಲೆ ಹೇರಿ, ಅದು ಸೋತ ದಿನ ಅವಳನ್ನೇ ದೂರಲು ಹೊರಟಿದ್ದೆವು. ಇದಕ್ಕೆ ಏನೆನ್ನಬೇಕು, ನೀವೇ ಹೇಳಿ.

ಇನ್ನೂ ಎರಡು ಸೀಳಿದ ಬಾಣ ಸಿಕ್ಕವು. ಅನುಮಾನದವನ್ನೆಲ್ಲ ಮುರಿದು ಹಾಕಿದೆವು. ಕಾಳಗ ಶುರುವಾದಾಗ ಐದು ಗಂಟೆ. ಡ್ವೇನ್ ಆ ಪಟ್ಟಿಯನ್ನು ಹಿಂದಿರುಗಿಸಲು ನೋಡಿದ, ಐಲಿ ಮುಟ್ಟಲಿಲ್ಲ. ‘ಅದನ್ನ ಕಾರ್ಲಿಸ್‌ಗೆ ಹಾಕು. ಸಿಟ್ಟು ಬರೋರೇ ಬೇಕು ಆ ಕೆಲಸಕ್ಕೆ,’ ಎಂದಳು.

ಅವಳು ಹಗ್ಗದ ಈಚೆ ಕುರ್ಚಿ ಹಾಕಿಕೊಂಡು ಕೂತಳು. ಪ್ರತಿ ಕಾಳಗದಲ್ಲೂ ಮೇಜಿನ ಹಿಂದೆ ತಲೆ ಬಗ್ಗಿಸಿಯೇ ಇರುತ್ತಿದ್ದವಳು, ಒಂದು ಯುದ್ಧವನ್ನು ಮೊದಲಿನಿಂದ ಕೊನೆಯವರೆಗೆ ನೋಡಿದ್ದು ಅದೇ ಮೊದಲು. ಮೂರನೆಯ ನಿಮಿಷಕ್ಕೇ ರಾಜನ ಹೆಲ್ಮೆಟ್ಟಿನ ಹಣೆಗೆ ರಬ್ಬರು ಬಡಿಯಿತು. ಆಟದ ಲೆಕ್ಕದಲ್ಲಿ ಸತ್ತವನು ಕೈ ಮೇಲೆತ್ತಿಕೊಂಡು ಹೊರಬಂದು ಅವಳ ಪಕ್ಕ ಹುಲ್ಲಿನ ಮೇಲೆ ಧೊಪ್ಪನೆ ಕೂತ.

‘ಇಷ್ಟು ಬೇಗ ಸಾಯೋನಿಗೆ ಕಿರೀಟ ಯಾಕೋ?’

‘ಡಾಕ್ಟರಿಗೆ ಬೆರಳಿನ ವಿಷಯ ಹೇಳಿದೀಯಾ ಐಲಿ?’

‘ಇಲ್ಲ.’

‘ಸೋಮವಾರ ನಾನೇ ಕರ್ಕೊಂಡು ಹೋಗ್ತೀನಿ.’

ಐಲಿ ಮೈದಾನದ ಕಡೆ ನೋಡಿದಳು. ಕೋಟೆಯ ಬಾಗಿಲಲ್ಲಿ ಡ್ವೇನ್‌ನ ಪಡೆ ಚದುರಿ ಓಡುತ್ತಿತ್ತು. ಬಾಣಗಳು ಹೆಲ್ಮೆಟ್ಟುಗಳಿಗೆ ಟಪ್ ಟಪ್ ಎಂದು ಬಡಿದು, ಇಡಿಯಾಗಿಯೇ ಹುಲ್ಲಿಗೆ ಬೀಳುತ್ತಿದ್ದವು.

‘ಎಂಟು ಗಂಟೆಗೇ ಬಾ,’ ಎಂದಳು. ‘ಆ ಕಿರೀಟ ಹಾಕ್ಕೊಂಡು ಮಾತ್ರ ಬರ್ಬೇಡ.’