ಹೊಸ್ತಿಲಿದ್ದ ಟ್ರೇಲರ್

ನಮ್ಮ ಅತ್ತೆಗೆ ಸಮುದ್ರ ನೋಡುವ ಆಸೆಯಿತ್ತು. ಬೇರೇನನ್ನೂ ಬಾಯಿಬಿಟ್ಟು ಕೇಳಿದವರಲ್ಲ. ಮಾರಿಕಣಿವೆಯ ಅಣೆಕಟ್ಟೆಯ ಕಚೇರಿಯಲ್ಲಿ ಕೆಲಸಕ್ಕಿದ್ದ ಮಾವನವರು, ಮದುವೆಯಾದ ಹೊಸತರಲ್ಲಿ ಅವರನ್ನು ಕಟ್ಟೆಯ ಮೇಲೆ ನಿಲ್ಲಿಸಿ, ಸಮುದ್ರದಲ್ಲಿ ಇದಕ್ಕಿಂತ ಹೆಚ್ಚಿನದು ಏನಿರುತ್ತದೆ ಎಂದು ಕೇಳಿದ್ದರಂತೆ. ಎಪ್ಪತ್ತರ ದಶಕದ ನಡುವಿನಲ್ಲಿ ನಾನು ಸೊಸೆಯಾಗಿ ಹಿರಿಯೂರಿನ ಆ ಮನೆಗೆ ಬಂದಾಗ ಮಾವನವರು ನಿವೃತ್ತರಾಗಿದ್ದರು. ಅತ್ತೆಯ ಆಸೆ ಮಾತ್ರ ಇನ್ನೂ ಸೇವೆಯಲ್ಲಿತ್ತು.

ಅಡ್ಡಿಯಾಗಿದ್ದದ್ದು ಮಾವನವರ ಹೊಟ್ಟೆ. ಅವರಿಗೆ ಹೋಟೆಲಿನ ಊಟ ಆಗದು, ಬೀಗರ ಮನೆಯ ಊಟವೂ ಆಗದು. ನನ್ನ ಸಾರನ್ನಂತೂ ಒಮ್ಮೆ ಬಾಯಿಗಿಟ್ಟು ಮಗನ ಮುಖವನ್ನು ಮರುಕದಿಂದ ನೋಡಿದ್ದರು. ಅತ್ತೆ ತಿರುವಿದ ಮುದ್ದೆ, ಅತ್ತೆ ಮಾಡಿದ ಸಾರೇ ಆಗಬೇಕು, ಅದೂ ಬಿಸಿಬಿಸಿ. ಹೀಗಿರುವಾಗ ಗೋಕರ್ಣಕ್ಕೆ ಹೋಗುವುದು ಹೇಗೆ? ಯಾವುದೋ ಪತ್ರಿಕೆಯಲ್ಲಿ, ಪರದೇಶದವರು ಕಾರಿನ ಹಿಂದೆ ಪುಟ್ಟ ಮನೆಯನ್ನೇ ಸಿಕ್ಕಿಸಿಕೊಂಡು ಊರೂರು ತಿರುಗುವ ಚಿತ್ರ ನೋಡಿದಾಗ ಮಾವನವರಿಗೆ ದಾರಿ ಹೊಳೆಯಿತು. ಹೆಂಡತಿಗಾಗಿ ಟ್ರೇಲರ್ ಕಟ್ಟಿಸುತ್ತೇನೆ ಎಂದು ಬೀದಿಗೆಲ್ಲ ಕೇಳುವಂತೆ ಹೇಳಿದರು.

ಹಳೇ ಲಾರಿಯ ಅಚ್ಚು, ಗಾಲಿ ದುರ್ಗದಿಂದ ಬಂದವು. ಮರದ ಕೆಲಸಕ್ಕೆ ಮತ್ತೋಡಿನಿಂದ ಬಡಗಿ ಬಂದ. ಜೀವಮಾನವೆಲ್ಲ ಮನೆಗಳನ್ನೇ ಕಟ್ಟಿದವನು. ಹಗುರವಾಗಿರಲಿ ಎಂದರೆ ಅವನಿಗೆ ಬೈದಂತೆ ಕೇಳಿಸುತ್ತಿತ್ತು. ಹೊನ್ನೆಯ ಹಲಗೆ, ತೇಗದ ಬಾಗಿಲು, ಬಾಗಿಲಿಗೆ ಚಿಲಕ, ಅಗುಳಿ. ಕೊನೆಗೆ ದಪ್ಪನೆಯ ಹೊಸ್ತಿಲನ್ನೂ ಇಟ್ಟ. ಹೊಸ್ತಿಲಿಲ್ಲದ ಬಾಗಿಲನ್ನು ಇದುವರೆಗೆ ಮಾಡಿಲ್ಲ, ಇನ್ನು ಮುಂದೆಯೂ ಮಾಡುವುದಿಲ್ಲ ಎಂದ. ಮಾವನವರ ತಮ್ಮ ಹೊಳಲ್ಕೆರೆಯಿಂದ ತಂದ ಜೀಪು ಆ ಗಾಡಿಯನ್ನು ಅಂಗಳದಿಂದ ಬೀದಿಗೆ ಎಳೆಯುವಷ್ಟರಲ್ಲಿ ಹೊಗೆ ಉಗುಳಿ ನಿಂತಿತು. ಬೀದಿಯವರೆಲ್ಲ ಸೇರಿ ನೂಕಿ ಮತ್ತೆ ಅಂಗಳಕ್ಕೇ ತಂದರು. ಗಟ್ಟಿಯಾಗಿದೆ ಎನ್ನುವುದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕೇ ಎಂದು ಮಾವನವರು ಮೀಸೆ ತಿರುವಿದರು. ನಿಧಾನಕ್ಕೆ ಹೋದರಾಯಿತು ಎಂದರು.

ಒಳಗಿನ ವೈಭೋಗಕ್ಕೂ ಕೊರತೆಯಿರಲಿಲ್ಲ. ಒಂದು ಮೂಲೆಯಲ್ಲಿ ಲಾರಿಯ ಬ್ಯಾಟರಿ. ಅದರ ಕರೆಂಟನ್ನು ಮನೆಯ ಫ್ಯಾನು, ಟ್ಯೂಬ್‌ಲೈಟಿಗೆ ಹೊಂದುವಂತೆ ಮಾಡುವ ಕನ್ವರ್ಟರ್ ಎಂಬ ತಗಡಿನ ಪೆಟ್ಟಿಗೆ, ಸ್ಟೌ ಇಡುವ ಹಲಗೆಯ ಕೆಳಗೆ. ದುರ್ಗದ ರೇಡಿಯೊ ರಿಪೇರಿಯವನು ಮಾಡಿಕೊಟ್ಟದ್ದು. ಅದು ಸದಾ ಗುಂಯ್‌ಗುಡುತ್ತಿತ್ತು. ಟ್ಯೂಬ್‌ಲೈಟು ಮನಸ್ಸು ಬಂದಾಗ ಹತ್ತುತ್ತಿತ್ತು. ಫ್ಯಾನು ಮಾತ್ರ ತಿರುಗಿತು. ಅತ್ತೆ ಅದರ ಕೆಳಗೆ ನಿಂತು ಒಂದು ಸಲ ನಕ್ಕರು.

ಹೊಸ್ತಿಲಿದ್ದ ಮೇಲೆ ಅದು ಮನೆ. ಮನೆ ಎಂದ ಮೇಲೆ ಗೃಹಪ್ರವೇಶವಾಗದೆ ಒಳಗೆ ಮಲಗುವಂತಿಲ್ಲ. ಶಾಸ್ತ್ರಿಗಳು ಬಂದರು, ಮಾವಿನ ತೋರಣ ಕಟ್ಟಿದ್ದಾಯಿತು. ಹಾಲು ಉಕ್ಕಬೇಕು, ಉಕ್ಕಿದ್ದು ಮೂಡಲಿಗೆ ಹರಿಯಬೇಕು. ಅದರಲ್ಲಿ ಸಂಶಯವೇ ಬೇಡವೆಂದು ಮಾವನವರು ಪಡುವಣದ ಗಾಲಿಯ ಕೆಳಗೆ ಕಲ್ಲು ಕೊಡಿಸಿ ಇಡೀ ಗಾಡಿಯನ್ನೇ ವಾಲಿಸಿದರು. ಅಷ್ಟು ವರ್ಷ ಕಾಲುವೆಗೆ ನೀರು ಬಿಟ್ಟ ಅನುಭವ! ಹಾಲು ಉಕ್ಕಿತು. ಹೇಳಿಕೊಟ್ಟ ಹಾಗೆ ಮೂಡಲಿಗೇ ಹರಿದು, ಹಲಗೆಯ ಅಂಚಿನಿಂದ ಇಳಿದು, ನೇರ ಕನ್ವರ್ಟರಿನ ಪೆಟ್ಟಿಗೆಯೊಳಗೆ ಹೋಯಿತು. ಪಟ್ಟೆಂದು ಸದ್ದಾಗಿ ಫ್ಯಾನು ನಿಂತಿತು. ಸುಟ್ಟ ವಾಸನೆ ಅಂಗಳವನ್ನೆಲ್ಲ ತುಂಬಿತು. ಶಾಸ್ತ್ರಿಗಳು ಶಕುನ ಬಹಳ ಒಳ್ಳೆಯದಾಗಿದೆ ಎಂದು ಹೇಳಿ ದಕ್ಷಿಣೆ ತೆಗೆದುಕೊಂಡು ಹೋದರು.

ಆಮೇಲೆ ಪ್ರಯಾಣ ಮುಂದಕ್ಕೆ ಹೋಗುತ್ತಲೇ ಇತ್ತು. ಕನ್ವರ್ಟರ್ ರಿಪೇರಿಯಾಗಲಿ ಎಂದರು. ಅದು ರಿಪೇರಿಯಾಗಿ ಬರುವಷ್ಟರಲ್ಲಿ ನಿಂತಲ್ಲೇ ನಿಂತ ಬ್ಯಾಟರಿ ಸತ್ತಿತ್ತು. ಹೊಸ ಬ್ಯಾಟರಿ ಬರಲಿ, ಮಳೆಗಾಲ ಮುಗಿಯಲಿ, ಜೀಪಿನ ಕ್ಲಚ್ಚು ಸರಿಯಾಗಲಿ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಒಂದು ಮಧ್ಯಾಹ್ನ ಪಾತ್ರೆ ತೊಳೆಯುವಾಗ, ಬ್ಯಾಟರಿ ಬಂದರೆ ಹೊರಡಬಹುದು, ಬೇಜಾರು ಮಾಡಿಕೊಳ್ಳಬೇಡಿ ಎಂದು ಅತ್ತೆಗೆ ಸಮಾಧಾನ ಹೇಳಿದೆ.

"ಮದ್ವೆ ಆದಾಗಿಂದ, ಈ ಒಲೆ ಬಿಟ್ಟು ನಾಕು ದಿನ ಎಲ್ಲಿಗಾದ್ರು ಹೋಗ್ಬೇಕು ಅಂತ ಆಸೆ ಐತೆ ಕಣಮ್ಮ," ಎಂದರು ಅತ್ತೆ. "ನಿಮ್ಮ ಮಾವ ಒಲೆಗೇ ಗಾಲಿ ಹಾಕ್ಸಿದ್ರು."

ಬಡಗಿಯನ್ನು ಕೇಳಿದ್ದೆವು, ರೇಡಿಯೊದವನನ್ನು ಕೇಳಿದ್ದೆವು, ಶಾಸ್ತ್ರಿಗಳನ್ನೂ ಕೇಳಿದ್ದೆವು. ಅತ್ತೆಯನ್ನು ಯಾರೂ ಕೇಳಿರಲಿಲ್ಲ.

"ನಾವಿಬ್ರೂ ಬಸ್ಸಿಗೆ ಹೋಗಾಣ ನಡೀರಿ," ಎಂದೆ.

ಆ ವಾರವೇ ಹೊರಟೆವು. ಮಾವನವರು ಮುಖ ಊದಿಸಿಕೊಂಡು ಗಾಡಿಯ ಹೊಸ್ತಿಲ ಮೇಲೆ ಕುಳಿತಿದ್ದರು. ನಾವಿಲ್ಲದಾಗ ನನ್ನ ಗಂಡ ಕೆದಕಿದ ಉಪ್ಪಿಟ್ಟು ಅವರ ಹೊಟ್ಟೆಗೆ ಚೆನ್ನಾಗಿಯೇ ಒಗ್ಗಿತಂತೆ.

ದುರ್ಗದ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಇಡ್ಲಿ ತಿಂದೆವು. ತಿಂದಾದ ಮೇಲೆ ಅತ್ತೆ ತಟ್ಟೆ ಹಿಡಿದುಕೊಂಡೇ ಎದ್ದು, ತೊಳೆಯುವ ಜಾಗ ಹುಡುಕತೊಡಗಿದರು. ಅಲ್ಲೇ ಬಿಡಿ ಎಂದೆ. ಮೇಜಿನ ಮೇಲಿಟ್ಟು ಬಾಗಿಲವರೆಗೆ ಬಂದು, ಯಾರಾದರೂ ಕರೆದಾರೇನೋ ಎಂದು ತಿರುಗಿ ನೋಡಿದರು. ಯಾರೂ ಕರೆಯಲಿಲ್ಲ.

ಗೋಕರ್ಣದಲ್ಲಿ ಸೀರೆಯನ್ನು ಮೊಣಕಾಲವರೆಗೆ ಎತ್ತಿ ಹಿಡಿದು ಬಹಳ ಹೊತ್ತು ನೀರಿನಲ್ಲಿ ನಿಂತರು. ಆದರೆ ಊರಿಗೆ ಬಂದ ಮೇಲೆ, ಸಮುದ್ರ ಹೇಗಿತ್ತು ಎಂದು ಕೇಳಿದವರಿಗೆಲ್ಲ ಅವರು ಮೊದಲು ಹೇಳುತ್ತಿದ್ದುದು, ತಿಂದ ತಟ್ಟೆಯನ್ನು ಅಲ್ಲೇ ಬಿಟ್ಟು ಎದ್ದುಬಂದ ಸಂಗತಿಯನ್ನು.