ಹತ್ತು ಅಡಿ ಆಳದಲ್ಲಿ ಹೌದಾಕ್ಕ

ನನ್ನ ನಾದಿನಿಯನ್ನು ಊರು ಕರೆಯುವುದು ಹೌದಾಕ್ಕ ಎಂದು. ತರಕಾರಿಯವನು "ಈಗ ತಾನೇ ಕಿತ್ತಿದ್ದು" ಎಂದರೆ ಆಕೆ ಹುಬ್ಬೇರಿಸಿ "ಹೌದಾ?" ಎನ್ನುವಳು, ಅವನು ತೆಪ್ಪಗೆ ಬುಟ್ಟಿಯ ತಳದಿಂದ ಬೇರೆ ಟೊಮೆಟೊ ತೆಗೆದುಕೊಡುವನು. ಹದಿನೆಂಟು ವರ್ಷಗಳಿಂದ ಪತ್ರಿಕೆಯೊಂದರ ವರದಿಗಾರ್ತಿಯಾಗಿರುವ ಆಕೆ ಇದೇ ಪದವನ್ನು ಪತ್ರಿಕಾಗೋಷ್ಠಿಗಳಿಗೂ ಒಯ್ದಳು. ನಾಯಕರ ಮಾತನ್ನು ಒರೆಗೆ ಹಚ್ಚದೆ ಅಚ್ಚಿಗೆ ಕಳಿಸುವುದು ವರದಿಗಾರಿಕೆಯಲ್ಲ, ಅಂಚೆ ಕೆಲಸ ಎಂಬುದು ಆಕೆಯ ನಿಲುವು. ನನ್ನದೂ ಅದೇ.

ಸಂಪಾದಕರು ಮಾತ್ರ ಪುರಸಭೆಯ ಜಾಹೀರಾತು ಕೈತಪ್ಪೀತೆಂದು ಸದಾ ಬೆವರುವವರು. ಪುರಸಭೆ ಕಟ್ಟಿಸಿದ ಹೊಸ ಈಜುಕೊಳದ ಉದ್ಘಾಟನೆಯ ಬೆಳಿಗ್ಗೆ ಬೆರಳೆತ್ತಿ ಎಚ್ಚರಿಸಿದರು.

"ನೋಡಮ್ಮ, ಅಲ್ಲಿ ಒಂದೇ ಒಂದು ಪ್ರಶ್ನೆ ಕೇಳಿದ್ಯೋ, ನಾಳೆಯಿಂದ ನೀನು ರಾಶಿಭವಿಷ್ಯ ಬರೀಬೇಕು."

"ಬಾಯೇ ಬಿಡಲ್ಲ ಸಾರ್."

ತಾನು ನಂಬದ್ದನ್ನು ದಿನವೂ ಬರೆಯುವುದೆಂದರೆ ಆಕೆಗೆ ಜೀವ ಹೋದಂತೆಯೇ.

ಪುರಸಭೆಯ ಅಧ್ಯಕ್ಷರು ರಿಬ್ಬನ್ ಕತ್ತರಿಸಿ ಗುಡುಗಿದರು: "ಹತ್ತು ಅಡಿ ಆಳ! ಒಂದಂಗುಲ ಕಮ್ಮಿ ಇಲ್ಲ!"

ಹೌದಾಕ್ಕನ ಹುಬ್ಬು ಏರಿತು. ಸಂಪಾದಕರಿಗೆ ಕೊಟ್ಟ ಮಾತು ನೆನಪಾಯಿತು. ಚಪ್ಪಲಿ ಬಿಟ್ಟು, ಕೈಚೀಲವನ್ನು ಪತ್ರಿಕೆಯ ಛಾಯಾಗ್ರಾಹಕನ ಕುತ್ತಿಗೆಗೆ ನೇತುಹಾಕಿ, ಏಣಿ ಹಿಡಿದು ಇಳಿದೇಬಿಟ್ಟಳು. ನೀರು ಸೊಂಟಕ್ಕೆ ಬಂತು. ಆಕೆಯ ಎತ್ತರ ಐದಡಿಗೆ ಎರಡಂಗುಲ ಕಮ್ಮಿ. ನೋಟ್‌ಬುಕ್ಕನ್ನು ತಲೆಯ ಮೇಲಿಟ್ಟು, ತರಗತಿಗೆ ಹೊರಟ ಉಪಾಧ್ಯಾಯಿನಿಯ ಗಾಂಭೀರ್ಯದಿಂದ ಕೊಳದ ಉದ್ದಕ್ಕೂ ನಡೆದಳು.

"ಏಯ್, ಮುಳುಗ್ತೀಯಮ್ಮ!" ಅಧ್ಯಕ್ಷರು ಕೂಗಿದರು.

"ಈಯಮ್ಮ ಸಿಕ್ಕಾಪಟ್ಟೆ ಉದ್ದ ಇದಾರೆ ಸಾರ್, ಅದಕ್ಕೇ ಹಾಗೆ ಕಾಣ್ಸುತ್ತೆ," ಎಂದು ಅವರ ಆಪ್ತ ಸಹಾಯಕ ಸಮಾಧಾನ ಹೇಳಿದ.

ಅಧ್ಯಕ್ಷರ ಚಿತ್ರ ಮುಖಪುಟದಲ್ಲಿ ಬರಲೇಬೇಕಿತ್ತು. ತೆಗೆದ ಚಿತ್ರಗಳಲ್ಲೆಲ್ಲ ಅವರ ಹಿಂದೆ ಹೌದಾಕ್ಕ ಸೊಂಟಮಟ್ಟದ ನೀರಿನಲ್ಲಿ ನಿಂತಿದ್ದಳು. ಸಂಪಾದಕರು ತಮಗೆ ತೋಚಿದ ಜಾಣತನ ಮಾಡಿದರು: ತಮ್ಮದೊಂದು ಮಾತನ್ನೂ ಸೇರಿಸದೆ, ಚಿತ್ರದ ಕೆಳಗೆ ಅಧ್ಯಕ್ಷರ ಘೋಷಣೆಯನ್ನೇ ಅಕ್ಷರಶಃ ಅಚ್ಚು ಹಾಕಿಸಿದರು.

ಮರುದಿನ ಊರು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಸಂಪಾದಕರ ಫೋನು ಬಡಿದುಕೊಂಡಿತು; ಅತ್ತ ಕಡೆ ಅಧ್ಯಕ್ಷರು.

"ಮಾನ ಕಳೆದ್ರಲ್ರೀ! ತಪ್ಪಾಗಿದೆ ಅಂತ ಹಾಕಿ!"

ಸಂಪಾದಕರು ಪತ್ರಿಕೆ ಬಿಡಿಸಿ ಎರಡೆರಡು ಸಲ ಓದಿದರು. "ಎಲ್ಲಾ ತಮ್ಮದೇ ಮಾತು ಸಾರ್... ಇದರಲ್ಲಿ ಸುಳ್ಳು ಯಾವುದು ಅಂತ ಹಾಕಲಿ?"

ಅತ್ತ ಫೋನ್ ಕುಕ್ಕಿದ ಸದ್ದು. ಪ್ರಶ್ನೆ ಕೇಳಿದವರು ತಾವೇ ಎಂದು ಹೊಳೆದಾಗ ಸಂಪಾದಕರು ಕುರ್ಚಿಯಲ್ಲಿ ಕುಸಿದರು. ನನ್ನ ನಾದಿನಿಯ ಕೆಲಸಕ್ಕೆ ಕುತ್ತು ಬರಲಿಲ್ಲ; ಮುಂದಿನ ವಾರ ಹೊಸ ಸೇತುವೆಯ ಉದ್ಘಾಟನೆಗೂ ಅವಳೇ ಹೋದಳು. ಮೊದಲ ಸಾಲಿನಲ್ಲಿ ಕುಳಿತವಳನ್ನು ಕಂಡ ಅಧ್ಯಕ್ಷರು ಸೇತುವೆಯ ಉದ್ದವನ್ನೇ ಹೇಳಲಿಲ್ಲ. "ಈ ದಡದಿಂದ ಆ ದಡದವರೆಗೂ ಇದೆ," ಎಂದಷ್ಟೇ ಹೇಳಿ ಕುಳಿತುಬಿಟ್ಟರು.