ಮೊಮ್ಮಗಳು ಲ್ಯಾಪ್‌ಟಾಪಿಗೆ ಹೊಸ ಮನೆ ತೋರಿಸಿದ್ದು

ಮೊಮ್ಮಗಳು ಪಾಸಾದಳು. ಸತ್ತೇಹೋಯಿತು ಎಂದುಕೊಂಡಿದ್ದ ಲ್ಯಾಪ್‌ಟಾಪ್ ಎದ್ದು ಕೂತಿತು, ಅದರೊಳಗಿದ್ದ ಅವಳ ಪ್ರಾಜೆಕ್ಟನ್ನು ಕಾಲೇಜಿನವರು ನೋಡಿ ಒಪ್ಪಿದರು. ಈ ಸುದ್ದಿಯನ್ನು ನಾನು ಲಿಫ್ಟಿನಲ್ಲಿ ಸಿಕ್ಕಿದವರಿಗೆಲ್ಲ ಹೇಳಿದೆ, ವಾಚ್‌ಮನ್ನನಿಗೆ ಎರಡು ಸಲ ಹೇಳಿದೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟು, ಡೊಂಬಿವಲಿಯ ಹೋಟೆಲಿನಲ್ಲಿ ದೋಸೆ ಕಾವಲಿಯ ಮುಂದೆ ಆಯುಷ್ಯ ಕಳೆದವನಿಗೆ ಇದಕ್ಕಿಂತ ದೊಡ್ಡ ಸಂಗತಿ ಯಾವುದಿದೆ?

ಲ್ಯಾಪ್‌ಟಾಪಿನ ಹೊಟ್ಟೆಯೊಳಗೆ ಎಲ್ಲವನ್ನೂ ನೆನಪಿಟ್ಟುಕೊಳ್ಳುವ ಒಂದು ಡಿಸ್ಕ್ ಇರುತ್ತದಂತೆ. ಅವಳದು ಕೆಲವು ದಿನಗಳಿಂದ ಕರಕರ ಎನ್ನುತ್ತಿತ್ತು. ಐರೋಲಿಯ ಐಟಿ ಕಂಪನಿಯಲ್ಲಿ ಮ್ಯಾನೇಜರ್ ಆಗಿರುವ ನನ್ನ ಮಗ ಹೊಸ ಡಿಸ್ಕ್ ತಂದು, ಹಳೆಯದರಲ್ಲಿದ್ದದ್ದನ್ನೆಲ್ಲ ಅದಕ್ಕೆ ಇಳಿಸಿದ. ಮರುದಿನ ಬೆಳಿಗ್ಗೆ ತಿಂಡಿಗೂ ಮೊದಲು ಸ್ಕ್ರೂಡ್ರೈವರ್ ಹಿಡಿದು ಕೂತ.

"ನಾನೇ ಹಾಕ್ತೇನೆ ಪಪ್ಪಾ," ಎಂದಳು ಮೊಮ್ಮಗಳು.

"ನಿನ್ನಿಂದ ಆಗ್ಲಿಕ್ಕಿಲ್ಲ. ಇದು ನಾಜೂಕಿನ ಕೆಲಸ."

ನಾಜೂಕಾಗಿ ಮುಗಿಸಿ ಬಟನ್ ಒತ್ತಿದ. ಕಪ್ಪು ಪರದೆಯ ಮೇಲೆ ಬಿಳಿಯ ಒಂದು ಸಾಲು ಬಂತು. ಶುರು ಮಾಡಲು ಡಿಸ್ಕೇ ಸಿಗುತ್ತಿಲ್ಲ ಎಂದು ಅದರ ಅರ್ಥವಂತೆ. ಹಳೆಯದನ್ನು ಮರಳಿ ಹಾಕಿದರೆ ಅದು ಕೊನೆಯ ಸಲ ಕರಕರ ಎಂದು ಪೂರ್ತಿ ಸುಮ್ಮನಾಯಿತು. ಅಂದೇ ಮಧ್ಯಾಹ್ನ ಪರೀಕ್ಷಕರ ಮುಂದೆ ಪ್ರಾಜೆಕ್ಟ್ ತೋರಿಸಬೇಕು, ವರ್ಷದ ದುಡಿಮೆಯೆಲ್ಲ ಅದರೊಳಗೆ. ಹುಡುಗಿಯ ಮುಖ ಹಿಟ್ಟು ಹುದುಗು ಬರದ ದಿನದ ಇಡ್ಲಿಯ ಹಾಗೆ ಚಪ್ಪಟೆಯಾಗಿತ್ತು.

ದೋಸೆ ಕಾವಲಿಗೆ ಅಂಟಿದರೆ ನಾವು ಈರುಳ್ಳಿ ತಿಕ್ಕುತ್ತಿದ್ದೆವು. ಮ್ಯಾನೇಜರರು ಮೀಟಿಂಗ್ ಕರೆಯುತ್ತಾರೆ. ಥಾಣೆಯಲ್ಲಿ ಬ್ಯಾಂಕಿನ ಕೆಲಸದಲ್ಲಿರುವ ನನ್ನ ಅಳಿಯ ಫೋನಿನಲ್ಲಿ ಮುಖ ತೋರಿಸಿದ.

"ಭಾವ, ಒಮ್ಮೆ ಬಂದ್ ಮಾಡಿ ಚಾಲೂ ಮಾಡಿ."

"ಚಾಲೂ ಆಗುದಿಲ್ಲ ಅಂತಲೇ ಅಲ್ವಾ ಮಾರಾಯ ನಿನಗೆ ಫೋನ್ ಮಾಡಿದ್ದು."

"ಹಾಗಾದ್ರೆ ಮೊದ್ಲು ರೂಟ್ ಕಾಸ್, ಮೂಲ ಕಾರಣ ನೋಡ್ಬೇಕು."

"ನಾನೂ ಅದೇ ಹೇಳಿದ್ದು. ಇಬ್ಬರದ್ದೂ ಒಂದೇ ಮಾತು, ಅಲೈನ್ ಆಗಿದ್ದೇವೆ."

ಇಬ್ಬರೂ ಅಲೈನ್ ಆದರು. ಲ್ಯಾಪ್‌ಟಾಪ್ ಮಾತ್ರ ಆಗಲಿಲ್ಲ. "ಮೀಟಿಂಗಿಗೆ ಚಾ ಬೇಕಾ, ಕಾಫಿಯಾ?" ಎಂದು ನನ್ನ ಹೆಂಡತಿ ಕೇಳಿದಳು. ಕಾಫಿ ಎಂದ ಮಗ. ಫೋನಿನೊಳಗಿದ್ದ ಅಳಿಯನೂ ಕಾಫಿ ಎಂದ. ಅಷ್ಟು ಹೊತ್ತಿನಲ್ಲಿ ತೀರ್ಮಾನವಾದದ್ದು ಅದೊಂದೇ.

"ಪಪ್ಪಾ, ಥೋಡಾ ಬಾಜೂ ಹೋ ಜಾವೋ," ಎಂದು ಮೊಮ್ಮಗಳು ಅವನನ್ನು ಬದಿಗೆ ಸರಿಸಿ, ಎಲ್ಲವನ್ನೂ ಎತ್ತಿಕೊಂಡು ನನ್ನ ಮಂಚಕ್ಕೆ ಬಂದಳು. ಹೊಸ ಡಿಸ್ಕನ್ನು ತಾನೇ ಮತ್ತೆ ಕೂರಿಸಿದಳು. ಬಟನ್ ಒತ್ತಿದವಳೇ ಮೇಲಿನ ಸಾಲಿನ ಒಂದು ಕೀಯನ್ನು ಟಪಟಪ ಕುಟ್ಟಿದಳು. ಯಾವ ಡಿಸ್ಕಿನಿಂದ ಶುರುವಾಗಬೇಕೆಂಬ ಪಟ್ಟಿಯಿದ್ದ ನೀಲಿ ಪುಟವೊಂದು ತೆರೆಯಿತು. ಅದನ್ನು ಓದಿ, ಬೆಳಗಿನಿಂದ ಮೊದಲ ಸಲ ನಕ್ಕಳು.

"ಅಜ್ಜಾ, ಯೇ ತೋ ತುಮ್ಹಾರೇ ಜೈಸಾ ಹೈ. ನಿಮ್ಮ ಹಾಗೇ, ಹೊಸ ಮನೆ ಉಂಟು, ಆದ್ರೂ ಹಳೇ ಮನೆಗೇ ಹೋಗ್ತದೆ."

ನಾವು ಡೊಂಬಿವಲಿಯಿಂದ ನೆರೂಳಿನ ಈ ಮನೆಗೆ ಬಂದ ಹೊಸತರಲ್ಲಿ, ಸಂಜೆ ಹೋಟೆಲಿನಿಂದ ಹೊರಟ ನನ್ನ ಕಾಲುಗಳು ನನ್ನನ್ನು ಕೇಳದೆ ನಾವು ಮೊದಲು ಬಾಡಿಗೆಗಿದ್ದ ಹಳೆಯ ಚಾಳಿನ ಮೆಟ್ಟಿಲು ಹತ್ತಿದ್ದವು. ಬಾಗಿಲು ತೆರೆದ ಹೊಸ ಬಾಡಿಗೆಯವರು ನೀರು ಕೊಟ್ಟು ಕಳಿಸಿದ್ದರು. ನಮ್ಮ ಮನೆಯಲ್ಲಿ ಈ ಕಥೆ ಹಪ್ಪಳವಿದ್ದ ಹಾಗೆ, ಯಾವ ಊಟಕ್ಕೂ ಹೊಂದುತ್ತದೆ. ಲ್ಯಾಪ್‌ಟಾಪ್ ಕೂಡ ಈಗ ಇಲ್ಲದ ಹಳೆಯ ಡಿಸ್ಕಿನ ಬಾಗಿಲನ್ನೇ ಬಡಿದು, ಅಲ್ಲೇ ನಿಂತುಬಿಡುತ್ತಿತ್ತಂತೆ. ಹೊಸದರ ಹೆಸರು ಪಟ್ಟಿಯ ತಳದಲ್ಲಿತ್ತು. ಮೊಮ್ಮಗಳು ಅದನ್ನು ಎಲ್ಲಕ್ಕಿಂತ ಮೇಲೆ ತಂದು ಮತ್ತೆ ಶುರು ಮಾಡಿದಳು. ಪರದೆ ಬೆಳಗಿತು. ಪ್ರಾಜೆಕ್ಟ್ ಇದ್ದಲ್ಲೇ ಇತ್ತು.

"ನಾನೂ ಅದನ್ನೇ ಹೇಳುವವನಿದ್ದೆ," ಎಂದ ಮಗ.

"ನಾನೂ," ಎಂದಿತು ಫೋನು.

ಸಂಜೆ ಅವಳು ಪಾಸಾಗಿ ಬಂದಳು. ಮಗಳು, ಅಳಿಯ ಥಾಣೆಯಿಂದ ಶ್ರೀಖಂಡ ಹಿಡಿದು ಬಂದರು. ಎಲ್ಲರೂ ಸುತ್ತ ಕೂತರು. ನಾನು ಬಹಳ ಕಾಲದ ಮೇಲೆ ಕಾವಲಿಯ ಮುಂದೆ ನಿಂತು ನೀರುದೋಸೆ ಹೊಯ್ದೆ.

"ನಾವು ಸಾಲ್ವ್ ಮಾಡಿದ್ದು ಹೇಗೆ ಅಂದ್ರೆ," ಎಂದು ಮಗ ಶುರು ಮಾಡಿದ.

"ಹಾಂ ಪಪ್ಪಾ, ಮೀಟಿಂಗ್ ಅಚ್ಛೀ ಥೀ," ಎಂದಳು ಮೊಮ್ಮಗಳು. ಅವಳಮ್ಮ, ನನ್ನ ಸೊಸೆ, ನಗು ತಡೆಯಲಾರದೆ ಚಟ್ನಿ ತರುವ ನೆಪದಲ್ಲಿ ಎದ್ದಳು.

ಮೊದಲ ದೋಸೆ ಮಗನ ತಟ್ಟೆಗೆ ಹೋಗುವುದು ನಮ್ಮ ಮನೆಯ ರೂಢಿ. ಅವನು ತಟ್ಟೆ ಮುಂದೆ ಹಿಡಿದೇ ಇದ್ದ. ನಾನು ಅದನ್ನು ಮೊಮ್ಮಗಳ ತಟ್ಟೆಗೆ ಹಾಕಿದೆ, ಎರಡನೆಯದನ್ನೂ. ಕೊನೆಯ ದೋಸೆಯನ್ನು ಎತ್ತಿಕೊಂಡು ಅವರ ನಡುವೆ ಕೂತು ಉಂಡೆ.